ಮಘೆಯಿಂದ ಸ್ವಾತಿವರೆಗೆ ಹಿತ್ಲಲ್ಲಿ ಹದ ಕಾಯೋದು

ಬೆಳಗ್ಗೆ ಆರೂವರೆಗೆ ನಮ್ಮ ಮಾವ ಹಿತ್ಲು ಬಾಗ್ಲು ತೆಗೀತಾರೆ. ಗೋಡೆ ಹಿಡ್ಕೊಂಡು ಮೂರು ಮೆಟ್ಲು ಇಳಿದು, ಬದನೆ ಸಾಲಿನ ಹತ್ರ ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಕೈ ಹಾಕ್ತಾರೆ. ಮೇಲ್ಗಡೆ ಮಣ್ಣಲ್ಲ, ಬೆರಳು ಎರಡು ಗೆಣ್ಣು ಒಳಗೆ ಹೋಗ್ಬೇಕು. ಅಲ್ಲಿಂದ ಒಂದು ಹಿಡಿ ತೆಗೆದು ಮುಷ್ಟಿ ಬಿಗಿ ಮಾಡಿ ಉಂಡೆ ಕಟ್ತಾರೆ, ಆಮೇಲೆ ಎದ್ದು ನಿಂತು ಸೊಂಟದ ಎತ್ತರದಿಂದ ಅದನ್ನ ಕೈಬಿಡ್ತಾರೆ. ಬಿದ್ದ ಸದ್ದು ಕೇಳಿಸ್ಕೋತಾರೆ. ಅವ್ರಿಗೆ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಲ್ಲಿ ಬೆಳಕು ನೆರಳು ಅಷ್ಟೇ ಗೊತ್ತಾಗೋದು, ಹಾಗಾಗಿ ಉಂಡೆ ಒಡೀತಾ ಇಲ್ವಾ ಅನ್ನೋದು ಕಿವಿಗೇ ತಿಳೀಬೇಕು. ಪಚಕ್ ಅಂತ ಕೂತ್ರೆ ಇನ್ನೂ ಹಸಿ ಜಾಸ್ತಿ. ಉಂಡೇನೇ ಕಟ್ಟದೆ ಬೆರಳ ಸಂದೀಲಿ ಸೋರಿ ಹೋದ್ರೆ ಒಣಗಿದೆ. ಬಿದ್ದ ತಕ್ಷಣ ನಾಲ್ಕು ಚೂರಾದ್ರೆ, "ಹದ ಐತೆ ಕಣಮ್ಮ, ಇವತ್ತೇ ಹಾಕ್ಬಿಡು."

ನಾನು ಹುಟ್ಟಿ ಬೆಳೆದಿದ್ದು ಚಿತ್ರದುರ್ಗದ ಪೇಟೆ ಒಳಗೆ, ಮನೆ ಮುಂದೆ ಎರಡು ತುಳಸಿ ಕಟ್ಟೆ ಹಿಡಿಸೋಷ್ಟು ಜಾಗ ಇರ್ಲಿಲ್ಲ. ಹದ ಅನ್ನೋ ಮಾತು ನಾನು ಕೇಳಿದ್ದು ಅಡುಗೆಮನೇಲಿ ಮಾತ್ರ, ಒಬ್ಬಟ್ಟಿನ ಕಣಕದ ಹದ, ಬೆಲ್ಲದ ಪಾಕದ ಹದ. ಮಣ್ಣಿಗೂ ಹದ ಇರುತ್ತೆ, ಅಂದ್ರೆ ಬಿತ್ತೋಕೆ ಕೆದಕೋಕೆ ತಕ್ಕಷ್ಟೇ ತೇವ, ಅದು ಮಳೆ ಬಂದು ಎಷ್ಟು ದಿನಕ್ಕೆ ಬರುತ್ತೆ, ಎಷ್ಟು ದಿನಕ್ಕೆ ಹೋಗುತ್ತೆ, ಅದನ್ನ ಹಿಡ್ಕೊಳ್ಳೋಕೆ ಏನು ಮಾಡ್ಬೇಕು ಅನ್ನೋದು ನನಗೆ ಗೊತ್ತಾಗೋಕೆ ಎರಡು ವರ್ಷ, ಸುಮಾರು ಗಿಡ, ಒಂದಷ್ಟು ಕಣ್ಣೀರು ಹೋಯ್ತು.

ಈಗಿರೋ ಮನೆ ಊರ ಹೊರಗಡೆ ಬಡಾವಣೇಲಿ, ಸ್ವಲ್ಪ ಇಳಿಜಾರು. ಟೆರೇಸ್ ಮೇಲೆ ನಿಂತ್ರೆ ಒಂದು ಕಡೆ ಕೋಟೆ ಬಂಡೆ ಕಾಣುತ್ತೆ, ಇನ್ನೊಂದು ಕಡೆ ಜೋಗಿಮಟ್ಟಿ ಗುಡ್ಡದ ಸಾಲು. ಹಿಂದೆ ಇಪ್ಪತ್ತಡಿ ಅಗಲ ನಲವತ್ತಡಿ ಉದ್ದ ಹಿತ್ಲು. ಮುಂದಿನ ಅಂಗಳಕ್ಕೆ ಮನೆ ಕಟ್ಟುವಾಗ್ಲೇ ಸಿಮೆಂಟ್ ಹಾಕಿಸಿಬಿಟ್ಟಿದ್ವಿ, ಕೆಸರು ಆಗಲ್ಲ, ಗುಡಿಸೋಕೆ ಸುಲಭ ಅಂತ ಎಲ್ಲರೂ ಹೇಳಿದ್ರು, ನಾವೂ ಹೂಂ ಅಂದ್ವಿ. ಹಿತ್ಲಿಗೂ ಹಾಕಿಸೋದ್ರಲ್ಲಿದ್ವಿ, ಆ ಟೈಮಲ್ಲಿ ದುಡ್ಡು ಸಾಲ್ಲಿಲ್ಲ. ದುಡ್ಡು ಸಾಲದೇ ಇದ್ದಿದ್ದಕ್ಕೆ ನಾನು ಇವತ್ತಿಗೂ ದೇವರಿಗೆ ಕೈಮುಗೀತೀನಿ.

ಮಾವ 2021ರಲ್ಲಿ ಚಳ್ಳಕೆರೆ ಕಡೆಯ ಊರಲ್ಲಿ ಹೊಲ ಪಾಲಿಗೆ ಕೊಟ್ಟು ನಮ್ಮ ಜೊತೆ ಇರೋಕೆ ಬಂದ್ರು. ಜೀವನ ಪೂರ್ತಿ ಶೇಂಗಾ, ಸಜ್ಜೆ, ಒಂದಷ್ಟು ವರ್ಷ ಈರುಳ್ಳಿ ಬೆಳೆದೋರು. ಬಂದ ಮೊದ್ಲು ಒಂದು ವರ್ಷ ಹಿತ್ಲಿಗೆ ಕಾಲಿಡ್ಲಿಲ್ಲ. ನಾನೂ ಕರೀಲಿಲ್ಲ, ಹೊಲ ಬಿಟ್ಟು ಬಂದೋರಿಗೆ ಈ ಚೂರು ಜಾಗ ತೋರ್ಸೋದು ಹೇಗೆ ಅಂತ ಸಂಕೋಚ.

2022 ನಮ್ಮ ಜಿಲ್ಲೆಯೋರು ಯಾರೂ ಮರೆಯೋ ವರ್ಷ ಅಲ್ಲ. ಆ ಸೆಪ್ಟೆಂಬರಲ್ಲಿ ಮಾರಿಕಣಿವೆಯ ವಾಣಿ ವಿಲಾಸ ಸಾಗರ ಅಣೆಕಟ್ಟು ಕೋಡಿ ಬಿತ್ತು, 1933 ಆದ್ಮೇಲೆ ಅದೇ, 89 ವರ್ಷಕ್ಕೆ. ಊರೂರಿಂದ ಜನ ಗಾಡಿ ಕಟ್ಕೊಂಡು ಮಾರಿಕಣಿವೆಗೆ ನೀರು ನೋಡೋಕೆ ಹೋದ್ರು, ನಾವೂ ಹೋದ್ವಿ, ಮಾವನಿಗೆ ಕಾಣದೇ ಇದ್ರೂ ನೀರು ಧುಮುಕೋ ಸದ್ದು ಕೇಳಿಸ್ಕೊಂಡು ಸುಮಾರು ಹೊತ್ತು ನಿಂತಿದ್ರು. ಮನೆಗೆ ಬಂದ್ರೆ ನನ್ನ ಹಿತ್ಲು ಕೆಸರು ಗದ್ದೆ. ನಾನು ಉತ್ಸಾಹದಲ್ಲಿ, ಮಳೆ ಬಂತಲ್ಲ ಅಂತ, ಒದ್ದೆ ಮಣ್ಣನ್ನೇ ಸನಿಕೇಲಿ ಅಗೆದು ಮಡಿ ಮಾಡಿ ಟೊಮೆಟೊ ಮೆಣಸಿನ ಸಸಿ ನಾಟಿದ್ದೆ, ಕಳೆ ಕೀಳೋಕೆ ಅಂತ ದಿನಾ ಅದರಲ್ಲೇ ಓಡಾಡಿದ್ದೆ. ಮಳೆ ನಿಂತ ಹತ್ತು ದಿನಕ್ಕೆ ಆ ಮಣ್ಣು ಇಟ್ಟಿಗೆ ಆಯ್ತು. ಅರ್ಧ ಸಸಿ ಬೇರು ಕೊಳೆತು ಹೋಗಿದ್ವು, ಉಳಿದಿದ್ದು ಆ ಇಟ್ಟಿಗೆ ಒಳಗೆ ಉಸಿರು ಕಟ್ಟಿ ನಿಂತವು.

ಮರುವರ್ಷ ತದ್ವಿರುದ್ಧ. 2023ರ ಆಗಸ್ಟ್ ಅಂತೂ ಇಡೀ ದೇಶಕ್ಕೇ 1901ರಿಂದ ಲೆಕ್ಕ ಹಿಡಿದ್ರೆ ಅತಿ ಕಮ್ಮಿ ಮಳೆಯ ಆಗಸ್ಟ್, ರಾಜ್ಯದ ಬಹುಪಾಲು ತಾಲೂಕು ಬರಗಾಲ ಅಂತ ಘೋಷಣೆ ಆದ್ವು. ನಾನು ಬೋರ್‌ವೆಲ್ ನೀರಿಗೆ ಪೈಪ್ ಹಾಕಿ ಸಂಜೆ ಸಂಜೆ ಹತ್ತು ನಿಮಿಷ ಎಲ್ಲಾ ಗಿಡಕ್ಕೂ ಹೊಡೀತಿದ್ದೆ. ಮೇಲೆ ಕಪ್ಪಗೆ ಒದ್ದೆ ಕಾಣೋದು, ಮನಸ್ಸಿಗೆ ಸಮಾಧಾನ. ಆದ್ರೆ ಎರಡಿಂಚು ಕೆಳಗೆ ಮಣ್ಣು ಹಪ್ಪಳದಂಗಿತ್ತು, ಬೇರುಗಳು ನೀರು ಸಿಗೋ ಮೇಲ್ಪದರಕ್ಕೇ ಬಂದು ಹರಡ್ಕೊಂಡಿದ್ವು, ಒಂದು ದಿನ ನೀರು ತಪ್ಪಿದ್ರೆ ಗಿಡ ಬಾಡೋದು. ನಮ್ಮ ಕಡೆ ಬೋರ್ ನೀರು ಗಡಸು ಬೇರೆ, ನೀರು ಆವಿ ಆಗಿ ಹೋದ್ಮೇಲೆ ಬಿಳಿ ಉಪ್ಪು ಮಣ್ಣ ಮೇಲೆ ಕೂರುತ್ತೆ, ಎಲೆ ಅಂಚು ಸುಟ್ಟಂಗಾಗುತ್ತೆ. ದಾಸವಾಳದ ಎಲೆ ಎಲ್ಲಾ ಅಂಚಲ್ಲಿ ಕಂದು ಬಣ್ಣಕ್ಕೆ ತಿರುಗಿದಾಗ ನಾನು ಬಾಗ್ಲಲ್ಲಿ ಕೂತು ಅತ್ತುಬಿಟ್ಟೆ. ಆವಾಗ ಮಾವ ಒಳಗಿಂದ ಕೇಳಿದ್ರು, "ಮಣ್ಣೊಳಗೆ ಕೈ ಹಾಕಿ ನೋಡಿದ್ಯೇನಮ್ಮ?"

ನೋಡಿರ್ಲಿಲ್ಲ. ಎರಡು ವರ್ಷದಲ್ಲಿ ಎಲೆ ನೋಡಿದ್ದೆ, ಹೂ ನೋಡಿದ್ದೆ, ಆಕಾಶ ನೋಡಿದ್ದೆ, ಮೊಬೈಲಲ್ಲಿ ಹವಾಮಾನ ನೋಡಿದ್ದೆ, ಮಣ್ಣೊಳಗೆ ಮಾತ್ರ ಕೈ ಹಾಕಿರ್ಲಿಲ್ಲ.

ಅವತ್ತಿಂದ ಪಾಠ ಶುರು ಆಯ್ತು. ಮಾವ ಹೇಳೋದು ಪಂಚಾಂಗದ ಮಳೆ ನಕ್ಷತ್ರಗಳ ಲೆಕ್ಕದಲ್ಲಿ. ಆಗಸ್ಟ್ ಮಧ್ಯದಲ್ಲಿ ಮಘೆ ಹುಟ್ಟುತ್ತೆ, ಆಮೇಲೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ನವೆಂಬರ್ ನಡುವೆ ವಿಶಾಖ ಮುಗಿದ್ರೆ ಮಳೆಗಾಲದ ಲೆಕ್ಕ ಹೆಚ್ಚುಕಮ್ಮಿ ಮುಗೀತು. ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳೋದೇ 600 ಮಿಲಿಮೀಟರ್ ಆಸುಪಾಸು, ಅದರಲ್ಲಿ ಎಲ್ಲಕ್ಕಿಂತ ಜಾಸ್ತಿ ಬೀಳೋ ತಿಂಗಳು ಸೆಪ್ಟೆಂಬರ್ ಅಕ್ಟೋಬರ್. ಮಲೆನಾಡಿನೋರಿಗೆ ಜೂನ್ ಜುಲೈ ಮಳೆಗಾಲ ಆದ್ರೆ ನಮಗೆ ಆಷಾಢ ಅಂದ್ರೆ ಬರೀ ಗಾಳಿ, ಪಡುವಣದಿಂದ ಬೀಸೋ ಆ ಗಾಳಿಗೆ ಚಪ್ಪರ ಕಿತ್ತು ಹೋಗುತ್ತೆ, ಪಪ್ಪಾಯಿ ಗಿಡ ಮಲಗುತ್ತೆ. ಶ್ರಾವಣ ಕಳೆದು ಗಾಳಿ ಇಳಿದ ಮೇಲೇನೇ ನಮ್ಮ ಹಿತ್ಲಿಗೆ ಯುಗಾದಿ. "ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು" ಅಂತ ಗಾದೆ, ಮಾವ ಅದನ್ನ ವರ್ಷಕ್ಕೆ ಒಂದ್ಸಲ ಆದ್ರೂ ಹೇಳೇ ಹೇಳ್ತಾರೆ, ಹೇಳುವಾಗ ಪಕ್ಕದಲ್ಲಿ ಉಣ್ತಾ ಕೂತಿರೋ ನಮ್ಮ ಯಜಮಾನ್ರಿಗೆ ಇನ್ನೊಂದು ಮುದ್ದೆ ಬಡಿಸೋಕೆ ಕೈಸನ್ನೆ.

ಮಣ್ಣಿನ ವಿಷಯ ಹೇಳ್ಬೇಕು. ನಮ್ಮದು ಕೆಂಪು ಗರಸು, ಹಳ್ಳಿ ಕಡೆ ಮಸಾರಿ ಅಂತಾರೆ. ಮಾವನ ಊರಲ್ಲಿ ಮಸಾರಿನೂ ಇದೆ, ಎರೆ ಅಂದ್ರೆ ಕಪ್ಪು ಮಣ್ಣೂ ಇದೆ. ಎರೆ ಭೂಮಿ ನೀರು ಕುಡಿದ್ರೆ ನಾಲ್ಕೈದು ದಿನ ಕಾಲಿಡೋ ಹಾಗಿಲ್ಲ, ಆದ್ರೆ ಕುಡಿದ ನೀರನ್ನ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ, ಹಿಂಗಾರಿನ ಕಡಲೆ, ಬಿಳಿಜೋಳ ಆ ತೇವದಲ್ಲೇ ಬೆಳ್ಕೊಂಡು ಬರುತ್ತೆ. ಮಸಾರಿ ಹಾಗಲ್ಲ. ಇವತ್ತು ಮಳೆ ಬಂದ್ರೆ ನಾಳೆನೋ ನಾಳಿದ್ದೋ ಹದ, ಅದಾಗಿ ಎರಡು ದಿನಕ್ಕೆ ಹದ ಹೋಯ್ತು. ಹಾಗಾಗಿ ನಮ್ಮ ಹಿತ್ಲಲ್ಲಿ ಕೆಲಸಕ್ಕೆ ಒಳ್ಳೇ ದಿನ ಅಂದ್ರೆ ಒಂದು ಮಳೆಗೆ ಎರಡೇ. ನಾನು ಆಫೀಸಿಗೆ ಹೋಗೋಳು, ಭಾನುವಾರ ಬರ್ಲಿ ಆಮೇಲೆ ಮಾಡೋಣ ಅಂದ್ಕೊಂಡ್ರೆ ಹದ ಭಾನುವಾರಕ್ಕೆ ಕಾಯಲ್ಲ. ಈಗ ಹದ ಇದ್ದ ದಿನ ಬೆಳಗ್ಗೆ ಐದೂವರೆಗೆ ಎದ್ದು ಹಿತ್ಲಲ್ಲಿ ಒಂದೂವರೆ ತಾಸು ಕೆಲಸ ಮಾಡಿ ಆಮೇಲೆ ತಿಂಡಿ, ಅವತ್ತು ಉಪ್ಪಿಟ್ಟು ಅಂತ ಮನೇಲಿ ಎಲ್ಲರಿಗೂ ಗೊತ್ತು.

ಮಘೇಲಿ ಮೊದಲ ಕೆಲಸ ಚೆಂಡು ಹೂವಿನ ಬೀಜ. ಹೋದ ದೀಪಾವಳಿಗೆ ಬಾಗ್ಲಿಗೆ ಹಾಕಿದ ಮಾಲೆ ಒಣಗಿದ ಮೇಲೆ ಕವರಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿರ್ತೀನಿ, ಅದನ್ನ ಉದುರಿಸಿದ್ರೆ ಕಪ್ಪು ಬಿಳಿ ಕಡ್ಡಿ ಥರ ಬೀಜ. ಗೌರಿ ಹಬ್ಬದ ಹೊತ್ತಿಗೆ ಸಸಿ ಕಿತ್ತು ಬೇಲಿ ಸಾಲಿಗೆ ನಾಟಿದ್ರೆ ದೀಪಾವಳಿಗೆ ಹೂ ಗ್ಯಾರಂಟಿ.

ನುಗ್ಗೆ ಮರದ ಕಂಬಳಿ ಹುಳ ಬರೋದೂ ಇದೇ ದಿನಗಳಲ್ಲಿ, ಎರಡು ಮೂರು ಮಳೆ ಬಿದ್ದ ಮೇಲೆ. ರಾತ್ರಿ ಎಲೆ ತಿಂದು ಹಗಲಲ್ಲಿ ಕಾಂಡದ ಮೇಲೆ ಒಂದರ ಪಕ್ಕ ಒಂದು ಗುಂಪಾಗಿ ಅಂಟ್ಕೊಂಡಿರುತ್ತೆ, ದೂರದಿಂದ ನೋಡಿದ್ರೆ ಮರಕ್ಕೆ ಕಂಬಳಿ ಸುತ್ತಿದಂಗೆ. ಮುಟ್ಟಿದ್ರೆ ಮೈಯೆಲ್ಲಾ ಗಂದೆ. ಮೊದಲ ಸಲ ಹೆದರಿ ಮರಾನೇ ಕಡಿಸೋಕೆ ಜನ ಕರೆದಿದ್ದೆ. ಮಾವ ಬೇಡ ಅಂದ್ರು. ಹಗಲು ಹೊತ್ತು ಅವು ಒಂದೇ ಕಡೆ ಗುಂಪಾಗಿರೋದೇ ನಮಗೆ ಅನುಕೂಲ, ಉದ್ದ ಕೋಲಿಗೆ ಹಳೇ ಗೋಣಿ ಸುತ್ತಿ ಒರೆಸಿ ಸೋಪಿನ ನೀರಿನ ಬಕೆಟ್‌ಗೆ ಬೀಳಿಸಿದ್ರೆ ಅರ್ಧ ಗಂಟೆ ಕೆಲಸ. ಕೈಗೆ ಗ್ಲೌಸು, ತಲೆಗೆ ಟವೆಲ್ ಕಟ್ಕೋಬೇಕು. ಗಿಡದ ರಸ ಹೀರೋ ಸಣ್ಣ ಹೇನು, ಹಿಟ್ಟು ತಿಗಣೆಗೆ ಬೇವಿನ ಬೀಜ. ಜೂನ್ ಜುಲೈಯಲ್ಲಿ ರಸ್ತೆ ಬದಿ ಬೇವಿನ ಹಣ್ಣು ಉದುರುತ್ತಲ್ಲ, ಅದನ್ನ ಆಯ್ದು ತೊಳೆದು ನೆರಳಲ್ಲಿ ಒಣಗಿಸಿ ಇಟ್ಕೊಂಡಿರ್ತೀವಿ, ಲೀಟರ್ ನೀರಿಗೆ 50 ಗ್ರಾಂ ಪುಡಿ, ರಾತ್ರಿ ಪೂರ್ತಿ ನೆನೆಸಿ ಸೋಸಿ, ಚೂರು ಸೋಪು ಕರಗಿಸಿ, ಬಿಸಿಲು ಇಳಿದ ಮೇಲೆ ಎಲೆ ಕೆಳಗಡೆ ತಾಗೋ ಹಾಗೆ ಹೊಡೆಯೋದು.

ಉತ್ತರೆ ಹಸ್ತದ ನಡುವೆ ಮಾವ ನನಗೆ ಕಲಿಸಿದ್ದೇ ನಾನು ಈ ಬರಹದಲ್ಲಿ ಹೇಳ್ಲೇಬೇಕು ಅಂದ್ಕೊಂಡಿರೋ ವಿಷಯ. ಎಡೆ ಹೊಡೆಯೋದು, ಅಂದ್ರೆ ಸಾಲುಗಳ ನಡುವಿನ ಮೇಲ್ಮಣ್ಣು ಕೆದಕೋದು. ಹೊಲದಲ್ಲಾದ್ರೆ ಎತ್ತು ಕಟ್ಟಿ ಎಡೆಕುಂಟೆ ಹೊಡೀತಾರೆ, ಹಿತ್ಲಲ್ಲಿ ಕೈಯಲ್ಲಿ ಹಿಡಿಯೋ ಸಣ್ಣ ಕುಂಟೆ ಸಾಕು. ಜೋರು ಮಳೆ ಬಿದ್ದು ಬಿಸಿಲು ಬಂದ್ರೆ ಕೆಂಪು ಮಣ್ಣ ಮೇಲೆ ತೆಳ್ಳಗೆ ಗಟ್ಟಿ ಪದರ ಕಟ್ಟುತ್ತೆ. ನಾನು ಅದನ್ನ ನೋಡಿ, ಓ ಮಣ್ಣು ಒಣಗಿತು, ನೀರು ಬಿಡೋಣ ಅಂತಿದ್ದೆ. ಆದ್ರೆ ಆ ಪದರ ಕೆಳಗಿನ ಮಣ್ಣಿಗೆ ಕೂಡ್ಕೊಂಡೇ ಇರೋದ್ರಿಂದ, ದೀಪದ ಬತ್ತಿ ಎಣ್ಣೆ ಎಳ್ಕೊಳ್ಳೋ ಹಾಗೆ ಕೆಳಗಿನ ತೇವಾನೆಲ್ಲಾ ಸಣ್ಣ ಸಣ್ಣ ರಂಧ್ರದಲ್ಲಿ ಮೇಲಕ್ಕೆ ಎಳೆದು ಬಿಸಿಲಿಗೆ ಕೊಡ್ತಾ ಇರುತ್ತೆ. ಹದ ಇರುವಾಗ ಕುಂಟೇಲಿ ಮೇಲಿನ ಒಂದಿಂಚು ಕೆದಕಿ ಪುಡಿ ಮಾಡಿಬಿಟ್ರೆ ಬತ್ತಿ ತುಂಡಾಯ್ತು. ಮೇಲೆ ಪುಡಿ ಮಣ್ಣು ಒಣಗಿ ಕೂತಿರುತ್ತೆ, ಕೆಳಗೆ ತೇವ ಹಾಗೇ. "ಒಂದು ಎಡೆ ಹೊಡೆದ್ರೆ ಅರ್ಧ ಮಳೆ ಬಂದಂಗೆ ಕಣಮ್ಮ" ಅಂತಾರೆ ಮಾವ. ನಾನು ಸುಮ್ನೆ ನಂಬಲಿಲ್ಲ, ಎರಡು ಮೆಣಸಿನ ಸಾಲಲ್ಲಿ ಒಂದಕ್ಕೆ ಹೊಡೆದು ಒಂದಕ್ಕೆ ಬಿಟ್ಟೆ. ಎಂಟು ದಿನ ಆದ್ಮೇಲೆ ಎರಡರಲ್ಲೂ ಕೈ ಹಾಕಿದೆ. ಬಿಟ್ಟ ಸಾಲಲ್ಲಿ ಬೆರಳೇ ಇಳೀಲಿಲ್ಲ. ಹೊಡೆದ ಸಾಲಲ್ಲಿ ಎರಡನೇ ಗೆಣ್ಣಿಗೆ ತಣ್ಣಗೆ ತಾಗಿತು. ಆ ತಣ್ಣಗಿನ ಸ್ಪರ್ಶ ನನಗೆ ಇನ್ನೂ ಬೆರಳಲ್ಲೇ ಇದೆ.

ಅದಾದ ಮೇಲೆ ಮಣ್ಣಿಗೆ ಹೊದಿಕೆ. ನಮ್ಮ ಜಿಲ್ಲೇಲಿ ಶೇಂಗಾ ಸಿಪ್ಪೆಗೆ ಬರ ಇಲ್ಲ, ಚಳ್ಳಕೆರೇಲಿ ಅಷ್ಟು ಎಣ್ಣೆ ಮಿಲ್ಲಿದೆ. ಊರಿಗೆ ಹೋದಾಗೆಲ್ಲಾ ನಾಲ್ಕು ಚೀಲ ತರ್ತೀವಿ. ಮೊದಲ ಸಲ ಒಣಗಿದ ಮಣ್ಣ ಮೇಲೆ ದಪ್ಪಗೆ ಹರಡಿ ಗೆದ್ದಲು ಕರೆಸ್ಕೊಂಡೆ, ನಿಂಬೆ ಗಿಡದ ಬುಡದ ತೊಗಟೆ ತನಕ ಬಂದಿದ್ವು. ಈಗ ಎಡೆ ಹೊಡೆದ ಮೇಲೆ, ತೇವ ಇರುವಾಗ, ಎರಡು ಬೆರಳ ದಪ್ಪ ಮಾತ್ರ, ಕಾಂಡದಿಂದ ಒಂದು ಗೇಣು ದೂರ, ಜೊತೆಗೆ ಬೇವಿನ ಹಿಂಡಿ ಒಂದು ಹಿಡಿ. ಗೆದ್ದಲು ಪೂರ್ತಿ ಹೋಗಿಲ್ಲ, ಕಮ್ಮಿ ಆಗಿದೆ.

ಚಪ್ಪರದವರೆ ವಿಷಯದಲ್ಲಿ ಮನೇಲಿ ದೊಡ್ಡ ಗಲಾಟೆ ಆಗಿತ್ತು. ಬಳ್ಳಿ ಸೆಪ್ಟೆಂಬರ್ ಕೊನೇಲಿ ಚಪ್ಪರ ಪೂರ್ತಿ ತುಂಬಿ, ಪಕ್ಕದವರ ಗೋಡೆ ಹತ್ತಿ, ಬಟ್ಟೆ ಒಣಗಿಸೋ ತಂತಿ ಮೇಲೂ ಹೋಗಿತ್ತು, ಒಂದು ಹೂವಿಲ್ಲ. ಗೊಬ್ಬರ ಜಾಸ್ತಿ ಆಗಿ ಬರೀ ಎಲೆ ಬಂದಿದೆ, ಕಿತ್ತು ಹಾಕಿ ಬೇರೆ ಏನಾದ್ರೂ ಹಾಕು ಅಂತ ಯಜಮಾನ್ರು ಕುಡುಗೋಲು ತಗೊಂಡೇ ಬಂದ್ರು. ಮಾವ ಒಳಗಿಂದ ಕೂಗಿದ್ರು, "ಹಗಲು ಗಿಡ್ಡ ಆಗ್ಲಿ ತಡಿಯೋ!" ನಾಟಿ ಅವರೆ ಇರೋದೇ ಹಾಗೆ, ಎಷ್ಟೇ ನೀರು ಗೊಬ್ಬರ ಕೊಡಿ, ಹಗಲು ಕಮ್ಮಿ ಆಗಿ ರಾತ್ರಿ ಉದ್ದ ಆಗೋವರೆಗೂ ಅದು ಹೂ ಬಿಡಲ್ಲ. ಸೆಪ್ಟೆಂಬರ್ 22-23ಕ್ಕೆ ಹಗಲು ರಾತ್ರಿ ಸಮ ಆಗಿ ಆಮೇಲೆ ರಾತ್ರಿ ಬೆಳೆಯೋಕೆ ಶುರು, ಅದನ್ನ ಆ ಬಳ್ಳಿ ಎಲೇಲೇ ಅಳತೆ ಮಾಡ್ಕೊಳ್ಳುತ್ತೆ. ಸೇವಂತಿಗೆನೂ ಹಾಗೇ. ದಸರಾ ಕಳೆದು ಒಂದು ಬೆಳಗ್ಗೆ ಎಲೆ ಮೇಲೆ ಎದ್ದು ನಿಂತ ಬಿಳಿ ಹೂಗೊಂಚಲು ಕಂಡಾಗ ಯಜಮಾನ್ರೇ ಮಾವನ ಕೈ ಹಿಡಿದು ಕರ್ಕೊಂಡು ಹೋಗಿ ಮುಟ್ಟಿಸಿದ್ರು. ಕಣ್ಣಿಲ್ಲದ ಮನುಷ್ಯ, ಹಗಲು ಗಿಡ್ಡ ಆಗೋದನ್ನ ನಮಗಿಂತ ಮೊದಲೇ ಬಲ್ಲೋರು.

ನೀರಿನ ಮಾತಿಗೆ ಬರ್ತೀನಿ. ಊರಿಗೆ ನಲ್ಲಿ ನೀರು ಬರೋದು ಸೂಳೆಕೆರೆಯಿಂದ, ವಾಣಿ ವಿಲಾಸದಿಂದ, ಅಷ್ಟು ದೂರದಿಂದ ಬರೋ ನೀರನ್ನ ಗಿಡಕ್ಕೆ ಬಿಡೋಕೆ ಮನಸ್ಸು ಒಪ್ಪಲ್ಲ. ಬೋರ್ ನೀರಿನ ಕಥೆ ಹೇಳಿದೆ. ಉಳಿದಿದ್ದು ಮಳೆ. ನಮ್ಮ ತಾರಸಿ ಸಾವಿರ ಚದರಡಿ, 10 ಮಿಲಿಮೀಟರ್ ಮಳೆ ಬಿದ್ರೆ 900 ಲೀಟರ್ ಚಿಲ್ಲರೆ ಆಗುತ್ತೆ. ಅಷ್ಟು ನೀರು ನಾಲ್ಕು ವರ್ಷ ಸಿಮೆಂಟ್ ಅಂಗಳದ ಮೇಲೆ ಓಡಿ ಚರಂಡಿ ಸೇರ್ತಿತ್ತು. ಈಗ ಎರಡು ಡ್ರಮ್ಮಿಗೆ ಪೈಪ್ ಇಳಿಸಿದೀವಿ, ಡ್ರಮ್ ತುಂಬಿ ಹೆಚ್ಚಾಗಿದ್ದು ಸೀತಾಫಲದ ಗಿಡದಿಂದ ಆರಡಿ ದೂರದ ಇಂಗುಗುಂಡಿಗೆ, ಐದಡಿ ಆಳ, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ಇದೇನು ಹೊಸ ವಿದ್ಯೆ ಅಲ್ಲ. ಮಳೇಲಿ ಕೋಟೆ ಹತ್ತಿ ನೋಡಿ, ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತೆ, ಅಲ್ಲಿಂದ ಇನ್ನೂ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡದ ಕಡೆ ದಾರಿ. ಬರೀ ಬಂಡೆ ಇರೋ ಊರಲ್ಲಿ ಪಾಳೇಗಾರರ ಕಾಲದೋರು ಒಂದು ಹನಿ ಬಿಡದಂಗೆ ಹಿಡ್ಕೊಂಡು ಬದುಕಿದ್ರು. ಚಿಕ್ಕಂದಿನಿಂದ ಎಷ್ಟು ಸಲ ಆ ಹೊಂಡದ ಮೆಟ್ಲ ಮೇಲೆ ಕೂತು ಕಡ್ಲೆಕಾಯಿ ತಿಂದಿದೀನಿ, ಅದು ನನ್ನ ಮನೆ ತಾರಸಿಗೂ ಸಂಬಂಧಪಟ್ಟ ವಿಷಯ ಅಂತ ಹೊಳೆದಿರ್ಲಿಲ್ಲ. ಮುಂದಿನ ಅಂಗಳದ ಸಿಮೆಂಟಲ್ಲೂ ಈ ವರ್ಷ ಗೋಡೆ ಪಕ್ಕ ಎರಡಡಿ ಪಟ್ಟಿ ಒಡೆಸಿದೆ. ಕೆಳಗಿನ ಮಣ್ಣು ಬೂದಿ ಬಣ್ಣಕ್ಕೆ ತಿರುಗಿತ್ತು, ಒಂದು ಎರೆಹುಳ ಇಲ್ಲ. ಆ ಪಟ್ಟಿಗೆ ಹಿತ್ಲಿನ ಮಣ್ಣು ಎಂಟು ಬಾಂಡ್ಲಿ, ಸಗಣಿ ಗೊಬ್ಬರ ನಾಲ್ಕು ಬಾಂಡ್ಲಿ ಹಾಕಿ ಕನಕಾಂಬರ ಇಟ್ಟಿದೀನಿ. ನಿಧಾನಕ್ಕೆ ಸರಿ ಹೋಗುತ್ತೆ ಅಂತ ಮಾವ ಹೇಳಿದಾರೆ.

ಸೀತಾಫಲ ಹಸ್ತದಿಂದ ಚಿತ್ತೆವರೆಗೆ. ಗುಡ್ಡದಿಂದ ಬುಟ್ಟೀಲಿ ತಂದು ರಸ್ತೆ ಬದಿ ಮಾರ್ತಾರಲ್ಲ, ಅದೇ ಜಾತಿ, ಬೀಜದಿಂದ ತಾನೇ ಎದ್ದ ಗಿಡ. ಕಾಯಿ ಕಣ್ಣು ಬಿಟ್ಟ ಮೇಲೆ, ಅಂದ್ರೆ ಗಂಟುಗಳ ಸಂದಿ ಅಗಲ ಆಗಿ ಕೆನೆ ಬಣ್ಣಕ್ಕೆ ತಿರುಗಿದ ಮೇಲೆ ಕಿತ್ತು ರಾಗಿ ಡಬ್ಬೀಲಿ ಹುದುಗಿಸಿಟ್ರೆ ಮೂರು ದಿನಕ್ಕೆ ಹಣ್ಣು. ಅದಕ್ಕೂ ಮೊದಲೇ ಕಿತ್ರೆ ಕರ್ರಗಾಗಿ ಹೋಗುತ್ತೆ. ಮರದಲ್ಲೇ ಬಿಟ್ರೆ ಅಳಿಲಿಗೆ. ಅರ್ಧ ಅಳಿಲಿಗೇ ಬಿಡ್ತೀವಿ.

ಚಿತ್ತೇಲಿ ಮೋಡ ಕಟ್ಟಿ ಹನಿ ಬೀಳದೆ ನಾಲ್ಕು ದಿನ ಹಾಗೇ ಇತ್ತು. ಹೀರೆ ಬಳ್ಳಿಗೆ ಬೂದಿ ರೋಗ ಬಂತು, ರಾತ್ರಿ ಚಳಿ ಶುರು ಆಗಿ ಇಬ್ಬನಿ ಬಿದ್ರೆ ಬಂದೇ ಬರುತ್ತೆ, ಕೆಳಗಿನ ಎಲೆ ತೆಗೆದು ಗಾಳಿ ಆಡೋ ಹಾಗೆ ಮಾಡಿದೆ, ಇನ್ನೆರಡು ವಾರ ಕಾಯಿ ಕೊಟ್ರೆ ಸಾಕು ಅದರ ಆಯಸ್ಸು ಮುಗೀತು. ದೀಪಾವಳಿಗೆ ಚೆಂಡು ಹೂ ನಾಲ್ಕು ಪುಟ್ಟಿ ಆಯ್ತು. ನಮ್ಮ ಬಾಗ್ಲಿಗೆ, ಗಾಡಿಗೆ, ಸನಿಕೆ ಕುಂಟೆಗೆ, ಸಗಣಿ ಉಂಡೆಗೆ ಸಿಕ್ಕಿಸಿ ಹೊಸಿಲ ಪಕ್ಕ ಇಡೋಕೆ, ಉಳಿದಿದ್ದು ಬೀದಿ ಪೂರ್ತಿ ಹಂಚಿದ್ವಿ. ಎರಡು ಮಾಲೆ ಹಾಗೇ ಒಣಗೋಕೆ ಬಿಟ್ಟಿದೀನಿ, ಬೀಜಕ್ಕೆ.

ಸ್ವಾತಿ ಹುಟ್ಟಿದ ನಾಲ್ಕನೇ ದಿನ ರಾತ್ರಿ ಒಳ್ಳೇ ಮಳೆ ಬಂತು, ಗುಡುಗಿಲ್ಲ ಗಾಳಿ ಇಲ್ಲ, ಎರಡು ತಾಸು ಸಣ್ಣಗೆ ಒಂದೇ ಸಮ. ಮಾವ ಮದುವೆಗೆ ಅಂತ ಊರಿಗೆ ಹೋಗಿದ್ರು. ಕೊತ್ತಂಬರಿ ಮೆಂತ್ಯ ಹಾಕೋಕೆ ಮಡಿ ರೆಡಿ ಇತ್ತು, ಕೊತ್ತಂಬರಿ ಬೀಜ ಚಪ್ಪಲಿ ಅಡಿ ಉಜ್ಜಿ ಎರಡು ಹೋಳು ಮಾಡಿ ಡಬ್ಬೀಲಿ ಇಟ್ಟಿದ್ದೆ. ಮಾರನೇ ದಿನ ಬೆಳಗ್ಗೆ ಕೈ ಹಾಕಿದೆ, ಉಂಡೆ ಪಚಕ್ ಅಂತು. ಕೈ ತಡೀತಿರ್ಲಿಲ್ಲ, ಆದ್ರೂ ಬಿಟ್ಟೆ. ಬೀಜ ನೀರಲ್ಲಿ ನೆನೆಯೋಕೆ ಹಾಕಿ ಆಫೀಸಿಗೆ ಹೋದೆ. ಅದರ ಮಾರನೇ ದಿನ, ಇನ್ನೂ ಸರಿಯಾಗಿ ಬೆಳಕಾಗಿರ್ಲಿಲ್ಲ, ಬದನೆ ಸಾಲಿನ ಹತ್ರ ಕೂತು ಎರಡು ಗೆಣ್ಣು ಒಳಗಿಂದ ಹಿಡಿ ಮಣ್ಣು ತೆಗೆದು ಬಿಗಿದು, ಎದ್ದು ನಿಂತು, ಕಣ್ಣು ಮುಚ್ಚಿ ಕೈಬಿಟ್ಟೆ.

ಫೋನ್ ಮಾಡಿದಾಗ ಮಾವ ಮದುವೆ ಮನೆ ಗದ್ದಲದಲ್ಲಿದ್ರು, ವಾಲಗದ ಸದ್ದು ಕೇಳ್ತಿತ್ತು. "ಹಾಕಿದೆ ಮಾವ, ಈಗಷ್ಟೇ" ಅಂದೆ. "ಉಂಡೆ ಎಷ್ಟು ಚೂರಾತು?" ಅಂದ್ರು. ನಾಲ್ಕೋ ಐದೋ ಅಂದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ, "ಮ್ಯಾಲೆ ಕೈಯಾಡಿಸಿ ಮುಚ್ಚಿದ್ಯಾ, ಗುಬ್ಬಿ ಆರಿಸ್ತಾವೆ" ಅಂದ್ರು.

ಮೆಂತ್ಯ ನಾಲ್ಕನೇ ದಿನಕ್ಕೇ ತಲೆ ಎತ್ತಿದೆ. ಕೊತ್ತಂಬರಿ ಇನ್ನೂ ಇಲ್ಲ, ಹತ್ತು ದಿನ ಬೇಕು ಅದಕ್ಕೆ. ಮಾವ ಇವತ್ತು ಸಂಜೆ ಬಸ್ಸಿಗೆ ಬರ್ತಿದಾರೆ, ಅಷ್ಟರಲ್ಲಿ ಆ ಮಡಿ ಬದಿಯ ಗರಿಕೆ ಕಿತ್ತು ಮುಗಿಸ್ಬೇಕು.